ಹೆಸರುಕಾಳಿನ ಗಂಟು

ಪಕ್ಕದ ಮನೆಯ ಹುಡುಗಿ ‘ಬೀಜ ಮೊಳೆಯಲು ನೀರು, ಗಾಳಿ, ಶಾಖ ಬೇಕು’ ಎಂದು ಬಾಯಿಪಾಠ ಮಾಡಿ ಪೂರ್ತಿ ಅಂಕ ತಂದಿದ್ದಳು. ಮೊನ್ನೆ ಬೆಳಿಗ್ಗೆ ಅವಳ ಅಜ್ಜಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹೆಸರುಕಾಳಿನ ಗಂಟು ಬಿಚ್ಚಿದರು. ಬಿಳಿ ಮೊಳಕೆ ಬಟ್ಟೆಯ ಎಳೆಗಳನ್ನೇ ತೂರಿ ಹೊರಬಂದಿತ್ತು. ‘ಅಜ್ಜೀ, ಮಣ್ಣೇ ಇಲ್ಲದೆ ಹೇಗೆ ಬಂತು?’ ಅಂದಳು ಹುಡುಗಿ. ಅವಳ ಕಲಿಕೆ ಶುರುವಾದದ್ದು ಆಗ.

ಹಾಗೆಂದು ಪರೀಕ್ಷೆ ಬೇಡ ಎನ್ನಲಾರೆ. ಮಗು ಎಲ್ಲಿ ಎಡವಿದೆ ಎಂದು ಮೇಷ್ಟರಿಗೆ ತಿಳಿಯಬೇಕಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ ಕಲಿಕಾ ಪದ್ಧತಿಯಲ್ಲಿ ಮಗು ತನ್ನದೇ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ, ಮೌಲ್ಯಮಾಪನವೂ ಆ ಏಣಿಯಲ್ಲೇ ಒಂದು ಮೆಟ್ಟಿಲು. ಅದೇ ಮಕ್ಕಳು ಹತ್ತನೇ ತರಗತಿಗೆ ಬರುವ ಹೊತ್ತಿಗೆ 625ಕ್ಕೆ ಎಷ್ಟು ಎಂಬ ಲೆಕ್ಕವೊಂದೇ ಉಳಿಯುವುದು ನನಗೆ ಸಂಕಟದ ಮಾತು.

ಇವತ್ತು ಸಂಜೆ ಮಗು ಬ್ಯಾಗು ಇಳಿಸಿದ ಕೂಡಲೇ, ಎಷ್ಟು ಅಂಕ ಬಂತು ಎನ್ನುವ ಬದಲು ‘ಮೇಷ್ಟರಿಗೆ ಏನು ಪ್ರಶ್ನೆ ಕೇಳಿದೆ?’ ಎಂದು ವಿಚಾರಿಸಿ ನೋಡಿ.