ತರಗತಿ ಇಂಗ್ಲಿಷಿನಲ್ಲಿ, ದಿನಚರಿ ಜರ್ಮನ್‌ನಲ್ಲಿ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ 2024-25ರ ಚಳಿಗಾಲದ ಸೆಮಿಸ್ಟರಿನಲ್ಲಿ ಸುಮಾರು 59 ಸಾವಿರ ಭಾರತೀಯರು ಓದುತ್ತಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನೀಯರನ್ನು ಹಿಂದಿಕ್ಕಿ ಭಾರತೀಯರೇ ಈಗ ದೊಡ್ಡ ಗುಂಪಾಗಿದ್ದಾರೆ. ಹೆಚ್ಚಿನವರು ಎಂಜಿನಿಯರಿಂಗ್ ಓದುವವರು, ಅದರಲ್ಲೂ ಸ್ನಾತಕೋತ್ತರ ಪದವಿಗೆ ಹೋದವರು. ಅವರಲ್ಲಿ ಕರ್ನಾಟಕದ ಕಾಲೇಜುಗಳಿಂದ ಹೊರಟವರೂ ಇದ್ದಾರೆ. ಅಮೆರಿಕ, ಬ್ರಿಟನ್ನುಗಳನ್ನು ಬಿಟ್ಟು ಜರ್ಮನಿಯತ್ತ ಮುಖ ಮಾಡಲು ಮುಖ್ಯ ಕಾರಣ ಶುಲ್ಕ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಅದೇ ದಾರಿ ಹಿಡಿದಿದೆ.

ಬೋಧನಾ ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನವೆಚ್ಚ ಕೈಯಲ್ಲಿದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೊ ಆಯಿತು. ಸಾಮಾನ್ಯವಾಗಿ ಇದನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಲಾಗುತ್ತದೆ. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ. ಮನೆಬಾಡಿಗೆ, ಊಟ, ಆರೋಗ್ಯ ವಿಮೆ, ಫೋನು ಎಲ್ಲವನ್ನೂ ಅಷ್ಟರಲ್ಲೇ ಸರಿದೂಗಿಸಬೇಕು. ಸಣ್ಣ ಊರಿನಲ್ಲಿ ಇದು ಸಾಧ್ಯ. ಮ್ಯೂನಿಕ್ಕಿನಂಥ ದುಬಾರಿ ನಗರದಲ್ಲಿ ಬಾಡಿಗೆಯೇ ಹೆಚ್ಚಿನ ಪಾಲನ್ನು ನುಂಗುತ್ತದೆ. ಊರನ್ನು ಆರಿಸುವಾಗ ವಿಶ್ವವಿದ್ಯಾಲಯದ ಹೆಸರಿನಷ್ಟೇ ಅಲ್ಲಿನ ಬಾಡಿಗೆಯನ್ನೂ ನೋಡಬೇಕಾಗುತ್ತದೆ.

ಸ್ನಾತಕೋತ್ತರ ಕೋರ್ಸುಗಳಲ್ಲಿ ಹಲವು ಇಂಗ್ಲಿಷಿನಲ್ಲೇ ನಡೆಯುತ್ತವೆ. ಅವುಗಳಿಗೆ ಅರ್ಜಿ ಹಾಕುವಾಗ ಜರ್ಮನ್ ಬರಲೇಬೇಕು ಎಂದು ಬಹಳ ಕಡೆ ಕೇಳುವುದಿಲ್ಲ. ಆದ್ದರಿಂದ ಜರ್ಮನ್ ಕಲಿಯದೆಯೇ ವಿಮಾನ ಹತ್ತುವವರು ಅನೇಕ. ಪ್ರವೇಶಕ್ಕೆ ಇಂಗ್ಲಿಷ್ ಸಾಕು. ಆದರೆ ಕ್ಯಾಂಪಸ್ಸಿನ ಹೊರಗೆ ಕಾಲಿಟ್ಟ ಕೂಡಲೇ ಬದುಕು ನಡೆಯುವುದು ಜರ್ಮನ್ ಭಾಷೆಯಲ್ಲಿ.

ಮೊದಲ ಎರಡು ವಾರಗಳಲ್ಲೇ ಇದು ಗೊತ್ತಾಗುತ್ತದೆ. ಹೊಸ ಮನೆಗೆ ಬಂದವರು ಎರಡು ವಾರದೊಳಗೆ ಊರಿನ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಮಾಲೀಕರು ಸಹಿ ಹಾಕಿಕೊಟ್ಟ ಪತ್ರ ಇಲ್ಲದೆ ನೋಂದಣಿ ಆಗುವುದಿಲ್ಲ. ನೋಂದಣಿ ಆಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿಯ ಕೆಲಸವೂ ಮುಂದೆ ಸಾಗುವುದಿಲ್ಲ. ಆ ಮೇಲೆ ಅಂಚೆ. ಬ್ಯಾಂಕು, ವಿಮಾ ಸಂಸ್ಥೆ, ವಿದೇಶಿಯರ ಕಚೇರಿ ಎಲ್ಲರೂ ಇಂದಿಗೂ ಕಾಗದದಲ್ಲೇ ಪತ್ರ ಕಳಿಸುತ್ತಾರೆ. ಅಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾನೆ. ಹೆಸರು ಅಂಟಿಸದವರ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಎಷ್ಟೋ ಸಲ ಅದರಲ್ಲಿ ಬ್ಯಾಂಕ್ ಕಾರ್ಡೋ ವಿಮೆಯ ಕಾರ್ಡೋ ಇರುತ್ತದೆ.

ಹಾಗೆ ಬರುವ ಪತ್ರಗಳಲ್ಲಿ ಒಂದು ರೇಡಿಯೊ ಮತ್ತು ಟೀವಿ ಶುಲ್ಕದ್ದು. ಮನೆಯಲ್ಲಿ ರೇಡಿಯೊ ಇರಲಿ, ಇಲ್ಲದಿರಲಿ, ಪ್ರತಿ ಮನೆಯೂ ಸಾರ್ವಜನಿಕ ಪ್ರಸಾರಕ್ಕಾಗಿ ತಿಂಗಳಿಗೆ 18.36 ಯೂರೊ ಕಟ್ಟಬೇಕು. ಒಂದೇ ಮನೆಯಲ್ಲಿ ನಾಲ್ವರಿದ್ದರೆ ನಾಲ್ವರೂ ಸೇರಿ ಒಂದೇ ಶುಲ್ಕ ಕಟ್ಟಿದರೆ ಸಾಕು. ಜರ್ಮನ್ ಓದಲು ಬಾರದೆ ಆ ಪತ್ರವನ್ನು ಜಾಹೀರಾತು ಎಂದು ಬಿಸಾಡಿದವರಿಗೆ ದಂಡ ಸೇರಿಸಿದ ಇನ್ನೊಂದು ಪತ್ರ ಬರುತ್ತದೆ.

ವಾಸದ ವ್ಯವಸ್ಥೆಯಲ್ಲಿ ಅಗ್ಗವಾದದ್ದು ವಿದ್ಯಾರ್ಥಿ ಸೇವಾ ಸಂಸ್ಥೆಗಳು ನಡೆಸುವ ಹಾಸ್ಟೆಲ್. ಅದಕ್ಕೆ ಕಾಯುವವರ ಪಟ್ಟಿ ಉದ್ದ. ಉಳಿದವರು ನಾಲ್ಕೈದು ಜನ ಸೇರಿ ಅಡುಗೆಮನೆ, ಬಚ್ಚಲುಮನೆ ಹಂಚಿಕೊಳ್ಳುವ ಮನೆಗಳನ್ನು ಹುಡುಕುತ್ತಾರೆ. ಇಂಥ ಮನೆಗೆ ಸೇರಲು ಒಂದು ಬಗೆಯ ಸಂದರ್ಶನವೂ ಉಂಟು. ಈಗಾಗಲೇ ಇರುವವರು ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಾತನಾಡಿಸಿ, ತಮ್ಮೊಂದಿಗೆ ಹೊಂದಿಕೊಳ್ಳುವರೇ ಎಂದು ನೋಡುತ್ತಾರೆ. ಬಾಡಿಗೆಯಲ್ಲಿ ಎರಡು ಬಗೆ: ಬರಿಯ ಮನೆಯ ಬಾಡಿಗೆ ಒಂದು, ನೀರು, ಹೀಟರಿನಂಥ ಖರ್ಚು ಸೇರಿದ ಬಾಡಿಗೆ ಇನ್ನೊಂದು. ಜಾಹೀರಾತಿನಲ್ಲಿ ಯಾವುದು ಬರೆದಿದೆ ಎಂದು ಗಮನಿಸದಿದ್ದರೆ ತಿಂಗಳ ಲೆಕ್ಕ ತಪ್ಪುತ್ತದೆ. ಮುಂಗಡದ ವಿಷಯದಲ್ಲಿ ಜರ್ಮನಿಯ ಕಾನೂನು ಬಾಡಿಗೆದಾರರ ಪರ. ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ಬೆಂಗಳೂರಿನವರಿಗೆ ಇದು ದೊಡ್ಡ ಸಮಾಧಾನ.

ಆದರೆ ಆ ಮುಂಗಡ ಪೂರ್ತಿ ವಾಪಸ್ ಬರುವುದು ಮನೆ ನೋಡಿಕೊಂಡ ರೀತಿಯ ಮೇಲೆ. ಎಷ್ಟೇ ಚಳಿಯಿದ್ದರೂ ದಿನಕ್ಕೆ ಎರಡು ಮೂರು ಸಲ, ಕೆಲವು ನಿಮಿಷ ಕಿಟಕಿಗಳನ್ನು ಅಗಲವಾಗಿ ತೆರೆದಿಡಬೇಕು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅನ್ನ, ಸಾರು ಕುದಿಸಿದ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಕೆಲವೇ ವಾರಗಳಲ್ಲಿ ಅಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಗೋಡೆಯ ಖರ್ಚು ಮುಂಗಡದಿಂದ ಕಡಿತವಾಗಬಹುದು.

ಅಡುಗೆಗೆ ಬೇಕಾದ ಸಾಮಾನಿಗೆ ಈಗ ಅಷ್ಟು ಕಷ್ಟವಿಲ್ಲ. ದೊಡ್ಡ ಊರುಗಳಲ್ಲಿ ಭಾರತೀಯ ಅಂಗಡಿಗಳ ಜೊತೆಗೆ ಶ್ರೀಲಂಕಾದ ತಮಿಳರ ಅಂಗಡಿಗಳೂ ಇವೆ. ಸೋನಾ ಮಸೂರಿ, ತೊಗರಿಬೇಳೆ, ನುಗ್ಗೆಕಾಯಿ, ಕರಿಬೇವು ಅಲ್ಲಿ ಸಿಗುತ್ತವೆ. ಇಡ್ಲಿ ಹಿಟ್ಟು ಮಾತ್ರ ಚಳಿಗಾಲದಲ್ಲಿ ರಾತ್ರಿಯಿಡೀ ಇಟ್ಟರೂ ಹುದುಗುವುದಿಲ್ಲ. ಓವನ್ನಿನ ದೀಪ ಹಾಕಿ ಅದರೊಳಗೆ ಇಡುವುದೋ, ಹೀಟರಿನ ಪಕ್ಕ ಇಡುವುದೋ ಮಾಡಬೇಕು. ಮಧ್ಯಾಹ್ನದ ಊಟಕ್ಕೆ ವಿಶ್ವವಿದ್ಯಾಲಯದ ಮೆನ್ಸಾ ಎಂಬ ಊಟದ ಮನೆಯಿದೆ. ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆ, ಸಸ್ಯಾಹಾರವೂ ಸಿಗುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ರೈಲು ನಿಲ್ದಾಣ, ಪೆಟ್ರೋಲ್ ಬಂಕ್, ಕೆಲವು ಬೇಕರಿಗಳನ್ನು ಬಿಟ್ಟರೆ ಹಾಲೂ ಸಿಗುವುದಿಲ್ಲ. ಇದರ ಹಿಂದೆ ಸಂವಿಧಾನವೇ ಇದೆ. ಭಾನುವಾರವನ್ನು ವಿಶ್ರಾಂತಿಯ ದಿನವಾಗಿ ಕಾಪಾಡಬೇಕು ಎಂದು 1919ರ ವೈಮಾರ್ ಸಂವಿಧಾನ ಹೇಳಿತ್ತು. ಇಂದಿನ ಸಂವಿಧಾನವೂ ಆ ವಿಧಿಯನ್ನು ಉಳಿಸಿಕೊಂಡಿದೆ. ಭಾನುವಾರ ಗೋಡೆಗೆ ಮೊಳೆ ಹೊಡೆದರೆ ನೆರೆಯವರು ಬಾಗಿಲು ತಟ್ಟಿ ಬಿಡುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೂ ಹಾಗೆಯೇ, ಸದ್ದು ಮಾಡುವಂತಿಲ್ಲ. ವಾರಪೂರ್ತಿ ದುಡಿದವರಿಗೆ ಒಂದು ದಿನದ ಮೌನವನ್ನು ಕಾನೂನಿನಿಂದಲೇ ಕಾಯ್ದಿರಿಸಿದ ಈ ಏರ್ಪಾಡು ಮೊದಲು ಬೇಸರ ತರಿಸಿದರೂ, ಕ್ರಮೇಣ ಮೆಚ್ಚುಗೆಯಾಗುತ್ತದೆ. ಅದು ಮೆಚ್ಚಬೇಕಾದ ಏರ್ಪಾಡೇ ಸರಿ.

ಓಡಾಟ ಈ ಬದುಕಿನ ದೊಡ್ಡ ಸಂತೋಷ. ರೈಲು ನಿಲ್ದಾಣಗಳಲ್ಲಿ ಗೇಟುಗಳಿಲ್ಲ, ಯಾರು ಬೇಕಾದರೂ ನೇರವಾಗಿ ಪ್ಲಾಟ್‌ಫಾರ್ಮಿಗೆ ಹೋಗಬಹುದು. ಆದರೆ ಮಧ್ಯದಲ್ಲಿ ತಪಾಸಣೆಯವರು ಹತ್ತಿದಾಗ ಟಿಕೆಟ್ ಇಲ್ಲದಿದ್ದರೆ 60 ಯೂರೊ ದಂಡ. ಕೆಲವು ಊರುಗಳಲ್ಲಿ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಯಂತ್ರದಲ್ಲಿ ಮುದ್ರೆಯನ್ನೂ ಹಾಕಿಸಬೇಕು. ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ. 2023ರ ಮೇ ತಿಂಗಳಲ್ಲಿ ಜರ್ಮನಿ ಸರ್ಕಾರ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸನ್ನು 49 ಯೂರೊಗೆ ತಂದಿತು. 2025ರಲ್ಲಿ ಅದು 58 ಯೂರೊ ಆಯಿತು. ಈ ಪಾಸಿನಿಂದ ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಮೆಟ್ರೊ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಐಸಿಇಯಂಥ ವೇಗದ ರೈಲುಗಳಿಗೆ ಮಾತ್ರ ಅದು ನಡೆಯದು. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆ ಬೆಲೆಗೆ ಸೆಮಿಸ್ಟರ್ ಪಾಸ್ ಸಿಗುತ್ತದೆ.

ವೇಗದ ರೈಲಿನಲ್ಲಿ ನಾಲ್ಕು ಗಂಟೆಯ ದಾರಿ ಪ್ರಾದೇಶಿಕ ರೈಲಿನಲ್ಲಿ ಎಂಟು ಗಂಟೆಯಾದೀತು. ಆದರೆ ದೇಶವನ್ನು ನೋಡಲು ಅದೇ ಒಳ್ಳೆಯದು. ಸಣ್ಣ ಸಣ್ಣ ಊರುಗಳಲ್ಲಿ ನಿಂತು ಹೋಗುವ ಆ ಗಾಡಿಗಳಲ್ಲಿ ಶಾಲೆಯ ಮಕ್ಕಳು, ಸೈಕಲ್ ಸಮೇತ ಹತ್ತುವ ಮುದುಕರು, ಫುಟ್‌ಬಾಲ್ ಪಂದ್ಯಕ್ಕೆ ಹೊರಟ ಯುವಕರು ಎದುರಾಗುತ್ತಾರೆ. ಜರ್ಮನಿಯ ರೈಲು ನಿಮಿಷ ತಪ್ಪುವುದಿಲ್ಲ ಎಂಬ ನಂಬಿಕೆ ಈಗ ಹಳೆಯದು. ದೂರದ ರೈಲುಗಳು ತಡವಾಗುವುದು ಸಾಮಾನ್ಯ. ಒಂದು ಗಂಟೆ ತಡವಾದರೆ ಟಿಕೆಟ್ ದರದ ಕಾಲು ಭಾಗವನ್ನೂ, ಎರಡು ಗಂಟೆಯಾದರೆ ಅರ್ಧವನ್ನೂ ಕೇಳಿ ಪಡೆಯುವ ಹಕ್ಕು ಪ್ರಯಾಣಿಕರಿಗಿದೆ.

ಡಾಯ್ಚ್‌ಲಾಂಡ್ ಟಿಕೆಟ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಡಿಷರ್ ನಿಲ್ದಾಣದವರೆಗೂ ನಡೆಯುತ್ತದೆ. ಆ ನಿಲ್ದಾಣ ಸ್ವಿಸ್ ನೆಲದಲ್ಲಿದ್ದರೂ ನಡೆಸುವವರು ಜರ್ಮನಿಯವರು. ಕನ್ನಡದ ವಿದ್ಯಾರ್ಥಿಗಳು ಒಮ್ಮೆ ಹೋಗಲೇಬೇಕಾದ ಊರು ಬಾಸೆಲ್. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಅಲ್ಲಿಯದು. 1834ರಲ್ಲಿ ಅದರ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದರು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಹತ್ತೊಂಬತ್ತನೆಯ ಶತಮಾನದ ಫೋಟೊಗಳೂ ದಾಖಲೆಗಳೂ ಅಲ್ಲಿನ ಸಂಗ್ರಹದಲ್ಲಿವೆ.

ತರಗತಿಯಲ್ಲೂ ಕೆಲವು ರೂಢಿಗಳು ಹೊಸವು. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಪಕ್ಕ ಸಿ.ಟಿ. ಎಂದು ಬರೆದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣುಗಳಿಂದ ಮೇಜನ್ನು ತಟ್ಟುತ್ತಾರೆ. ಅಂಕಗಳಲ್ಲಿ 1.0 ಅತ್ಯುತ್ತಮ, 4.0ಕ್ಕಿಂತ ಹೆಚ್ಚಾದರೆ ನಪಾಸು. ಮೇಷ್ಟ್ರನ್ನು ನಡುವೆ ತಡೆದು ಪ್ರಶ್ನೆ ಕೇಳುವುದು ಅಲ್ಲಿ ಅವಿಧೇಯತೆ ಅಲ್ಲ. ಕೇಳದೆ ಸುಮ್ಮನಿರುವವರಿಗೆ ವಿಷಯದಲ್ಲಿ ಆಸಕ್ತಿಯಿಲ್ಲ ಎಂದೇ ತಿಳಿಯುವವರೂ ಇದ್ದಾರೆ.

ಕಠಿಣವಾದದ್ದು ಡಿಸೆಂಬರ್. ಬರ್ಲಿನ್‌ನಲ್ಲಿ ಆಗ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ನಾಲ್ಕರೊಳಗೆ. ಚಳಿಗಾಲದಲ್ಲಿ ಭಾರತದ ಗಡಿಯಾರ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಸಿ ಫೋನ್ ಮಾಡುವಷ್ಟರಲ್ಲಿ ಊರಿನಲ್ಲಿ ಅಪ್ಪ ಅಮ್ಮ ಮಲಗುವ ಹೊತ್ತು. ಈ ತಿಂಗಳುಗಳಲ್ಲಿ ಒಂಟಿತನ ಅನೇಕರನ್ನು ಕುಗ್ಗಿಸುತ್ತದೆ. ಭಾರತೀಯ ಗೆಳೆಯರ ಗುಂಪಿನಲ್ಲೇ ಉಳಿದವರಿಗೆ, ಆ ಗುಂಪು ರಜೆಗೆ ಚದುರಿದಾಗ ಮಾತನಾಡಲು ಯಾರೂ ಇರುವುದಿಲ್ಲ. ನೆರೆಮನೆಯವರೊಂದಿಗೆ, ಅಂಗಡಿಯವಳೊಂದಿಗೆ ಜರ್ಮನ್‌ನಲ್ಲಿ ನಾಲ್ಕು ಮಾತು ಆಡಬಲ್ಲವರಿಗೆ ಆ ಊರು ಪರಕೀಯವಾಗಿ ಉಳಿಯುವುದಿಲ್ಲ. ಓದುವಾಗ ಸಿಗುವ ಅರೆಕಾಲಿಕ ಕೆಲಸಕ್ಕೂ, ಓದು ಮುಗಿದ ಮೇಲೆ ಕೆಲಸ ಹುಡುಕಲು ಸರ್ಕಾರ ಕೊಡುವ 18 ತಿಂಗಳ ಅವಕಾಶಕ್ಕೂ ಇದೇ ಮಾತು ಅನ್ವಯಿಸುತ್ತದೆ. ಜರ್ಮನ್ ಬಲ್ಲವರಿಗೆ ತೆರೆಯುವ ಬಾಗಿಲುಗಳು ಹೆಚ್ಚು.

ಜರ್ಮನಿ ಮತ್ತು ಕನ್ನಡದ ಸಂಬಂಧದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1843ರಲ್ಲಿ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ದಶಕಗಳ ದುಡಿಮೆಯ ನಂತರ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಅವರು ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗನ್‌ನಲ್ಲಿ. ಅದೇ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಯು. ಆರ್. ಅನಂತಮೂರ್ತಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಬಿ. ಎ. ವಿವೇಕ ರೈ ಜರ್ಮನ್ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದರು. ಕಿಟೆಲ್ ಮತ್ತು ಮೋಗ್ಲಿಂಗ್ ತಾವು ಬಂದು ನೆಲೆಸಿದ ನೆಲದ ನುಡಿಯನ್ನು ಮೊದಲು ಕಲಿತರು, ಉಳಿದ ಕೆಲಸವೆಲ್ಲ ಆ ಕಲಿಕೆಯ ಮೇಲೆ ನಿಂತಿತು.

ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ, ಜರ್ಮನ್ ಕಲಿಸುವ ಬೇರೆ ಸಂಸ್ಥೆಗಳೂ ಇವೆ, ಆನ್‌ಲೈನ್ ಪಾಠಗಳೂ ಸಿಗುತ್ತವೆ. ವೀಸಾ, ಪ್ರಮಾಣಪತ್ರಗಳ ಓಡಾಟಕ್ಕೆ ಹೇಗೂ ತಿಂಗಳುಗಟ್ಟಲೆ ಕಾಯಬೇಕು. ಜರ್ಮನಿಗೆ ಹೊರಡಲು ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಆ ಸಮಯವನ್ನು ವ್ಯರ್ಥ ಮಾಡದೆ, ಕನಿಷ್ಠ ಬಿ-1 ಎಂಬ ಮಧ್ಯಮ ಮಟ್ಟದ ಜರ್ಮನ್ ಕಲಿತು ವಿಮಾನ ಹತ್ತಲಿ. ಕೋರ್ಸಿಗೆ ದುಡ್ಡು ಹೊಂದಿಸುತ್ತಿರುವ ತಂದೆ ತಾಯಿಯರು ಭಾಷೆಯ ಕಲಿಕೆಗೂ ಒಂದಿಷ್ಟು ತೆಗೆದಿಡಲಿ.