ಆಟದ ಬಯಲಿನಲ್ಲಿ ನಾಯಕತ್ವ
(ಇಲೆಕ್ಟ್ರಾನಿಕ್ ಸಿಟಿಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾಯಕತ್ವವನ್ನು ಕುರಿತು ಉಪದೇಶಿಸುವವರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಅದನ್ನು ಅಭ್ಯಾಸ ಮಾಡಲು ತರುಣರಿಗೆ ಎಡೆಗೊಡುವವರು ಮಾತ್ರ ವಿರಳ. ಆಟದ ಪಂದ್ಯಗಳನ್ನು ನೀವೇ ನಡೆಸತಕ್ಕದ್ದೆಂದು ನಾವು ಒತ್ತಿ ಹೇಳುವುದು ಈ ಕಾರಣದಿಂದಲೇ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ನೆರೆಯಿತು. ಕುಡಿಯುವ ನೀರಿಗಾಗಿ ಹೊಸ ಬಾವಿಯನ್ನೇ ತೋಡಬೇಕಾಯಿತು. ಆ ಬಾವಿ ಇಂದಿಗೂ ಇದೆ. ಜನಸಂದಣಿ, ನೈರ್ಮಲ್ಯಗಳ ಹೊಣೆ ಸ್ವಯಂಸೇವಕರದಾಗಿತ್ತು. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅವರಿಗೆ ಶಿಸ್ತನ್ನು ಕಲಿಸಿದರು. ಅದೇ ಊರಿನಲ್ಲಿ, ಅದೇ ಸಮಯದಲ್ಲಿ, ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದದ್ದು ಭಾಷಣಗಳಿಂದ ಮಾತ್ರವಲ್ಲ. ನೀರು ಹೊತ್ತು, ಚಪ್ಪರ ಕಾದು, ಲೆಕ್ಕವೊಪ್ಪಿಸಿದ ಕೈಗಳಿಂದಲೂ ಹೌದು.

ಅಂಥ ಕೈಗಳು ಸಿದ್ಧವಾಗುವ ಸ್ಥಳವೇ ಆಟದ ಬಯಲು. ಒಂದು ಕಬಡ್ಡಿ ಪಂದ್ಯಾವಳಿಯನ್ನು ನೋಡಿರಿ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣವನ್ನು ಗೆರೆ ತಪ್ಪದಂತೆ ಎಳೆಯಬೇಕು. ಪೀಣ್ಯದಿಂದಲೂ ವೈಟ್‌ಫೀಲ್ಡಿನಿಂದಲೂ ಬರುವ ತಂಡಗಳು ವಾಹನಗಳ ದಟ್ಟಣೆಯಲ್ಲಿ ಸಿಕ್ಕಿ ತಡವಾದರೆ ವೇಳಾಪಟ್ಟಿಯನ್ನು ಆಗಲೇ ತಿದ್ದಬೇಕು. ಗಾಯಗೊಂಡವನಿಗೆ ಚಿಕಿತ್ಸೆ ಸಿದ್ಧವಿರಬೇಕು. ಎಲ್ಲಕ್ಕಿಂತ ಕಠಿಣವಾದುದು ಇನ್ನೊಂದು: ತೀರ್ಪುಗಾರನು ನಿಮ್ಮ ಕಾಲೇಜಿನ ತಂಡಕ್ಕೆ ವಿರುದ್ಧವಾಗಿ ಸೀಟಿ ಊದಿದಾಗ, ನಿಮ್ಮ ಗೆಳೆಯರ ಕೋಪವನ್ನು ಎದುರಿಸಿ ಆ ತೀರ್ಪನ್ನು ಎತ್ತಿಹಿಡಿಯಬೇಕು. ಸ್ವಪಕ್ಷದ ಮುಂದೆ ನ್ಯಾಯವನ್ನು ನುಡಿಯಬಲ್ಲವನೇ ನಾಯಕನು.

ಈ ಪ್ರದೇಶದಲ್ಲಿ ಕಾರ್ಖಾನೆಗಳೂ ಕಂಪೆನಿಗಳೂ ಹಣ ಕೊಡಬಲ್ಲವು. ಪಂದ್ಯವನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಾಗೆ ಮಾಡಿದರೆ ವಿದ್ಯಾರ್ಥಿಗೆ ಉಳಿಯುವುದು ಪ್ರೇಕ್ಷಕನ ಪಾಲು ಮಾತ್ರ. ಹಣವನ್ನು ಅವಶ್ಯವಾಗಿ ಪಡೆಯಿರಿ. ಪ್ರತಿಯೊಂದು ರೂಪಾಯಿಯ ಲೆಕ್ಕವನ್ನು ನೀವೇ ಬರೆದು ಬಹಿರಂಗವಾಗಿ ತೂಗುಹಾಕಿರಿ.

ಇನ್ನೊಂದು ಮಾತು. ಇಲ್ಲಿ ನಾನಾ ಪ್ರಾಂತಗಳ ತರುಣರು ಓದುತ್ತಿರುವರು, ದುಡಿಯುತ್ತಿರುವರು. ಬಯಲಿನ ಘೋಷಣೆಗಳು ಮೊದಲು ಕನ್ನಡದಲ್ಲಿ ಕೇಳಿಬರಲಿ. ಅಂಕವನ್ನು ತಿಳಿಯುವ ಆತುರದಲ್ಲಿ ಅವರು ಒಂದೆರಡು ಕನ್ನಡ ಮಾತುಗಳನ್ನು ಸಂತೋಷದಿಂದಲೇ ಕಲಿತಾರು. ಬಲವಂತದಿಂದ ಆಗದ ಕೆಲಸವನ್ನು ಆಟವು ಮಾಡೀತು.

ಅಧ್ಯಾಪಕ ಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟೆ: ಸೀಟಿಯನ್ನೂ ಲೆಕ್ಕದ ಪುಸ್ತಕವನ್ನೂ ಇವರ ಕೈಗೆ ಕೊಡಿರಿ. ಎಡವಿದಾಗ ತಿದ್ದಿರಿ; ಆದರೆ ಕೊಟ್ಟ ಹೊಣೆಯನ್ನು ಮರಳಿ ಕಸಿದುಕೊಳ್ಳಬೇಡಿರಿ.