ಗೊಬ್ಬರವೂ ಕಾಯಿಪಲ್ಲೆಯ ಸತ್ತ್ವವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾವಿಂದು ಕೂಡಿರುವ ಒಡ್ಡನ್‌ಛತ್ರಂ ತರಕಾರಿಯ ಮಾರುಕಟ್ಟೆಗೆ ಹೆಸರಾದ ಊರು. ಇಲ್ಲಿಯ ನುಗ್ಗೆ, ತಕ್ಕಾಳಿ, ಈರುಳ್ಳಿಗಳು ಕೇರಳದ ಅಡುಗೆಮನೆಗಳನ್ನೂ ಮುಟ್ಟುತ್ತವೆ. ದಿಂಡಿಗಲ್ಲಿನಿಂದ ಕಂಬದ ಕಣಿವೆಯವರೆಗೆ, ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಹೊಲದಲ್ಲಿ ನೇಗಿಲು ಹಿಡಿದ ಕುಟುಂಬಗಳು ಅನೇಕ. ಆದುದರಿಂದ, ಸಾವಯವ ಬೇಸಾಯದಿಂದ ಆಹಾರದ ಸತ್ತ್ವ ಹೆಚ್ಚುವುದೇ ಎಂಬ ಪ್ರಶ್ನೆ ನಮಗೆ ಬರಿಯ ಪಾಂಡಿತ್ಯದ ಮಾತಲ್ಲ. ಬೆಳೆಯುವವನಿಗೆ ಬೆಲೆಯ ಚಿಂತೆ. ಕೊಳ್ಳುವ ಗೃಹಿಣಿಗೆ ಖರ್ಚಿನ ಚಿಂತೆ.

ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಕಿ ಕಪ್ಪಾಗುವುದನ್ನು ತಾಯಂದಿರು ಬಲ್ಲರು. ಇದು ಉತ್ಕರ್ಷಣದ ಫಲ. ನಮ್ಮ ಜೀವಕೋಶಗಳಲ್ಲಿಯೂ ಉತ್ಕರ್ಷಣವು ಎಡೆಬಿಡದೆ ನಡೆಯುತ್ತದೆ. ಅದರ ಹಾವಳಿಯನ್ನು ತಡೆಯುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ‘ಸಿ’ ಜೀವಸತ್ತ್ವ, ತಕ್ಕಾಳಿಗೆ ಕೆಂಪು ಕೊಡುವ ಲೈಕೋಪೀನ್, ಈರುಳ್ಳಿ ಹಾಗೂ ನುಗ್ಗೆಸೊಪ್ಪಿನ ಕ್ವೆರ್ಸೆಟಿನ್ ಇವು ಆ ಗುಂಪಿನವು.

ಗಿಡವು ಇಂತಹ ಅನೇಕ ವಸ್ತುಗಳನ್ನು ತಯಾರಿಸುವುದು ಹುಳು, ರೋಗ, ಬಿಸಿಲುಗಳಿಂದ ತನ್ನನ್ನು ಕಾಪಾಡಿಕೊಳ್ಳಲು. ರಾಸಾಯನಿಕ ಗೊಬ್ಬರದ ಸಾರಜನಕ ಯಥೇಚ್ಛವಾಗಿ ದೊರೆತಾಗ ಅದು ಬೆಳವಣಿಗೆಗೇ ಶಕ್ತಿಯನ್ನು ವ್ಯಯಿಸುತ್ತದೆ. ಹಟ್ಟಿಗೊಬ್ಬರದ ಸಾರಜನಕ ನಿಧಾನವಾಗಿ ದೊರೆಯುವುದರಿಂದ ರಕ್ಷಕ ವಸ್ತುಗಳು ಹೆಚ್ಚುತ್ತವೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದವರು 1994ರಿಂದ 2004ರವರೆಗೆ ಬೆಳೆದ ತಕ್ಕಾಳಿಗಳನ್ನು ಪರೀಕ್ಷಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾವಯವ ಹಣ್ಣಿನಲ್ಲಿ ಕ್ವೆರ್ಸೆಟಿನ್ ಸರಾಸರಿ ಶೇಕಡ 79ರಷ್ಟು ಅಧಿಕವಾಗಿದ್ದಿತು. ಮಣ್ಣಿನಲ್ಲಿ ಸಾವಯವ ಅಂಶ ಕೂಡಿದಂತೆ ವರ್ಷದಿಂದ ವರ್ಷಕ್ಕೆ ಈ ಪ್ರಮಾಣವೂ ಏರಿತು. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ತಂಡವು 343 ಪ್ರಬಂಧಗಳನ್ನು ತೂಗಿನೋಡಿ, ಸಾವಯವ ಬೆಳೆಗಳಲ್ಲಿ ಉತ್ಕರ್ಷಣ ನಿರೋಧಕಗಳು ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದು ಸಾರಿತು.

ಆದರೆ ಒಂದೇ ಪಕ್ಷದ ಮಾತನ್ನಾಡಿ ಕುಳಿತುಕೊಳ್ಳುವುದು ನ್ಯಾಯವಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ವಾಂಸರು ಸಾವಯವ ಆಹಾರವು ಪೋಷಣೆಯಲ್ಲಿ ಮೇಲೆಂಬುದಕ್ಕೆ ಬಲವಾದ ಪುರಾವೆ ಕಾಣಲಿಲ್ಲವೆಂದರು. ಕೀಟನಾಶಕದ ಉಳಿಕೆ ಕಡಿಮೆಯೆಂಬುದನ್ನು ಅವರೂ ಒಪ್ಪಿದರು. ತಳಿ, ಮಣ್ಣು, ಬಿಸಿಲು, ಕೊಯ್ಲಿನ ಹದ ಇವುಗಳಿಂದಲೂ ಸತ್ತ್ವವು ಏರಿಳಿಯುತ್ತದೆ. ಇದನ್ನುಂಡವರಿಗೆ ರೋಗ ಕಡಿಮೆಯೆಂಬುದು ಸಿದ್ಧವಾಗಿಲ್ಲ. ಆದುದರಿಂದ ರೈತ ಬಂಧುಗಳು ತಮ್ಮ ಬೆಳೆಯನ್ನು ಔಷಧಿಯೆಂದು ಮಾರಬಾರದು. ಮಾರುಕಟ್ಟೆಯಲ್ಲಿ ಒಮ್ಮೆ ಕೆಟ್ಟ ಮಾತು ಮತ್ತೆ ಕೂಡದು.

ತಾಯಂದಿರೇ, ದುಬಾರಿ ತರಕಾರಿ ಕೊಳ್ಳಲಾಗದ ಮನೆಯೂ ಮರುಗಬೇಕಾಗಿಲ್ಲ. ಈರುಳ್ಳಿಯ ಹೊರಪದರಗಳಲ್ಲಿಯೇ ಕ್ವೆರ್ಸೆಟಿನ್ ಅಧಿಕ, ಒಣಸಿಪ್ಪೆಯನ್ನಷ್ಟೇ ತೆಗೆಯಿರಿ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ. ತಕ್ಕಾಳಿಯನ್ನು ಎಣ್ಣೆಯಲ್ಲಿ ಬಾಡಿಸಿದರೆ ಲೈಕೋಪೀನ್ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಹಿತ್ತಿಲಲ್ಲಿ ಒಂದು ನುಗ್ಗೆಯಿರಲಿ.

ನಮ್ಮ ಹಿರಿಯರು ನುಡಿಯನ್ನೂ ನೆಲವನ್ನೂ ನಮ್ಮ ಕೈಗೆ ಒಪ್ಪಿಸಿದ್ದಾರೆ. ಎರಡಕ್ಕೂ ಒಂದು ವರ್ಷದ ಆರೈಕೆ ಸಾಲದು. ಎರಡನ್ನೂ ಸತ್ತ್ವಗೆಡದಂತೆ ಮಕ್ಕಳಿಗೆ ಒಪ್ಪಿಸೋಣವೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.